ಪಾಯಿಂಟ್ ಅಷ್ಟೇ ಇದೆ, ಬರುವ ದಾರಿ ಬೇರೆ

ಪ್ರಶ್ನೆ: ಸರ್, ನಾವಿರುವುದು ಮಲ್ಲೇಶ್ವರದಲ್ಲಿ. ನನಗೆ 47 ವರ್ಷ, ಕಾಲೇಜಿನ ತನಕ ಬಾಸ್ಕೆಟ್‌ಬಾಲ್ ಆಡಿದವನು, ಮೈಕಲ್ ಜೋರ್ಡನ್ ಆಟ ನೋಡಿ ಬೆಳೆದವನು. ಮಗನಿಗೆ 15, ಅವನಿಗೆ ಲೆಬ್ರಾನ್ ಜೇಮ್ಸ್ ಬಿಟ್ಟರೆ ಬೇರೆ ಯಾರೂ ಇಲ್ಲ. "ಲೆಬ್ರಾನ್ 37ನೇ ವಯಸ್ಸಲ್ಲಿ ಪಂದ್ಯಕ್ಕೆ 30 ಪಾಯಿಂಟ್ ಹೊಡೆದ, ಜೋರ್ಡನ್ ಆ ವಯಸ್ಸಲ್ಲಿ ಆಟ ಬಿಟ್ಟು ಮನೇಲಿದ್ದ" ಅಂತಾನೆ. ಈಗಿನ ಆಟ ಸುಲಭ ಆಗಿದೆ ಅಂತ ನಾನು. ಇಬ್ಬರಲ್ಲಿ ಯಾರು ಸರಿ? ದೊಡ್ಡ ಆಟಗಾರರ ಸ್ಕೋರಿಂಗ್ ವಯಸ್ಸಾಗ್ತಾ ನಿಜವಾಗಿ ಹೇಗೆ ಬದಲಾಗುತ್ತೆ? ಮಗ ಈಗ ಶಾಲೆಯ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಹೊಡೀತಾನೆ, ಆದರೆ ಎಲ್ಲಾ ಓಡಿ ನುಗ್ಗಿ ಹಾಕುವ ಲೇಅಪ್‌ಗಳೇ. ಅದರ ಬಗ್ಗೆಯೂ ಹೇಳಿ.

ಉತ್ತರ: ನಿಮ್ಮ ಮಗ ಹೇಳಿದ ಲೆಕ್ಕ ಸರಿಯಾಗಿಯೇ ಇದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ, 2021–22ರ ಸೀಸನ್‌ನಲ್ಲಿ, ಲೆಬ್ರಾನ್ ಸರಾಸರಿ ಪಂದ್ಯಕ್ಕೆ 30.3 ಪಾಯಿಂಟ್. ಆ ಸೀಸನ್ ನಡುವೆ ಅವನಿಗೆ 37 ತುಂಬಿತು. ಜೋರ್ಡನ್ 37 ತುಂಬಿದಾಗ ಆಡುತ್ತಿರಲಿಲ್ಲ, ಅದೂ ನಿಜ. ಆದರೆ ಮಗನಿಗೆ ಎರಡು ವಿಷಯ ಹೇಳಿ. ಆ ವರ್ಷ ಲೆಬ್ರಾನ್ ಆಡಿದ್ದು ಸೀಸನ್‌ನ 82 ಪಂದ್ಯದಲ್ಲಿ 56 ಮಾತ್ರ. ಜೋರ್ಡನ್ ಮತ್ತೆ ಬಂದು, 2002–03ರಲ್ಲಿ, 40 ತುಂಬಿದ ವರ್ಷದಲ್ಲಿ, 82ಕ್ಕೆ 82 ಪಂದ್ಯವೂ ಆಡಿದ. ಸರಾಸರಿ ಸರಿಯಾಗಿ 20. ಹಾಗಾಗಿ ಈ ಜಗಳವನ್ನು ಸರಾಸರಿಯಿಂದ ಬಗೆಹರಿಸಲು ಹೋದರೆ ಬಗೆಹರಿಯುವುದಿಲ್ಲ. ಸರಾಸರಿ ಅನ್ನೋದು ತಿಂಗಳ ಕೊನೆಯಲ್ಲಿ ಕೈಯಲ್ಲಿರುವ ದುಡ್ಡಿನ ಹಾಗೆ. ಎಷ್ಟಿದೆ ಅಂತ ಗೊತ್ತಾಗುತ್ತೆ, ಸಂಬಳದಿಂದ ಬಂತೋ, ಬಾಡಿಗೆಯಿಂದ ಬಂತೋ, ಸಾಲ ಮಾಡಿದ್ದೋ ಗೊತ್ತಾಗಲ್ಲ.

ನಾನು ಇಪ್ಪತ್ತಕ್ಕೂ ಜಾಸ್ತಿ ವರ್ಷದಿಂದ ಬೆಂಗಳೂರಿನ ಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ. ಒಬ್ಬ ಸ್ಕೋರರ್‌ಗೆ ವಯಸ್ಸಾಗುತ್ತಿದೆಯಾ ಅಂತ ನೋಡಬೇಕಾದರೆ ನಾನು ಮೊದಲು ನೋಡುವುದು ಪಾಯಿಂಟ್ ಅಲ್ಲ, ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಗೆರೆಯ ಮೇಲೆ ನಿಂತು, ಯಾರೂ ತಡೆಯದೆ ಹೊಡೆಯುವ ಒಂದು ಪಾಯಿಂಟ್‌ನ ಶಾಟ್. ಎಷ್ಟು ಹಾಕಿದ ಅಂತ ಅಲ್ಲ, ಎಷ್ಟು ಸಿಕ್ಕಿತು ಅಂತ. ಯಾಕೆ ಅಂದರೆ ಫ್ರೀ ಥ್ರೋ ಸುಮ್ನೆ ಸಿಗುವುದಿಲ್ಲ. ಎದುರಾಳಿಗಳ ಮಧ್ಯೆ ಮೈ ತೂರಿಸಬೇಕು, ಏಟು ತಿನ್ನಬೇಕು, ನೆಲಕ್ಕೆ ಬೀಳಬೇಕು, ಎದ್ದು ಮತ್ತೆ ಅದೇ ಮಾಡಬೇಕು. ಮೈ ಎಷ್ಟು ಬೆಲೆ ಕೊಡಲು ತಯಾರಿದೆ ಅನ್ನೋದು ಅಲ್ಲಿ ಕಾಣುತ್ತೆ.

ಈಗ ಜೋರ್ಡನ್ ತಗೊಳ್ಳಿ. 1986–87ರಲ್ಲಿ ಅವನು ಇಡೀ ಸೀಸನ್‌ನಲ್ಲಿ 3,041 ಪಾಯಿಂಟ್ ಹೊಡೆದ, ಪಂದ್ಯಕ್ಕೆ 37.1. ಆಗ ಅವನಿಗೆ 23–24 ವರ್ಷ. ಇದರಲ್ಲಿ ದೂರದ ಗೆರೆಯ ಆಚೆಯಿಂದ ಹೊಡೆಯುವ ಮೂರು ಪಾಯಿಂಟ್ ಶಾಟ್ ಎಷ್ಟು ಗೊತ್ತಾ? ಇಡೀ ವರ್ಷಕ್ಕೆ 12. ಈಗ ಕೆಲವು ಆಟಗಾರರು ಒಂದೇ ಪಂದ್ಯದಲ್ಲಿ ಅಷ್ಟು ಹಾಕಿದ್ದಾರೆ. ಫ್ರೀ ಥ್ರೋ ಎಷ್ಟು ಅಂದರೆ 833. ಅಂದರೆ ನೂರು ಪಾಯಿಂಟ್‌ನಲ್ಲಿ 27 ಫ್ರೀ ಥ್ರೋ ಗೆರೆಯ ಮೇಲೆ ನಿಂತು ಹಾಕಿದ್ದು. ಪಂದ್ಯಕ್ಕೆ ಸುಮಾರು 12 ಫ್ರೀ ಥ್ರೋ ಸಿಗುತ್ತಿತ್ತು. ಹನ್ನೊಂದು ವರ್ಷ ಬಿಟ್ಟು 1997–98ರಲ್ಲಿ ಅದು 8.8ಕ್ಕೆ ಇಳಿಯಿತು. ಆದರೂ ಆ ವರ್ಷವೂ ಅವನೇ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಸರಾಸರಿಯವನು, 28.7. ಅದು ಅವನ ಹತ್ತನೇ ಸ್ಕೋರಿಂಗ್ ಪಟ್ಟ. 2001–02ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದಾಗ 5.6, ಮರುವರ್ಷ 4. ಹನ್ನೆರಡು, ಒಂಬತ್ತು, ಐದೂವರೆ, ನಾಲ್ಕು. ಇಡೀ ಕೆರಿಯರ್ ಈ ನಾಲ್ಕು ಅಂಕಿಯಲ್ಲಿದೆ. ಪಾಯಿಂಟ್ ಅರ್ಧದಷ್ಟು ಇಳಿಯುವ ಹೊತ್ತಿಗೆ ಫ್ರೀ ಥ್ರೋ ಮೂರರಲ್ಲಿ ಒಂದು ಪಾಲಿಗೆ ಬಂದಿತ್ತು. ಆದರೆ ಗೆರೆಯ ಮೇಲೆ ನಿಂತಾಗ ಕೈ ಮಾತ್ರ ಹೆಚ್ಚು ಬದಲಾಗಲಿಲ್ಲ. ಮೊದಲು ನೂರಕ್ಕೆ 86 ಬೀಳುತ್ತಿತ್ತು, 40ನೇ ವಯಸ್ಸಲ್ಲಿ 82. ಕಾಲು ಹೋಗುತ್ತೆ, ಕೈ ಉಳಿಯುತ್ತೆ.

ಹಾಗಾದರೆ ಕಾಲು ಕಡಿಮೆಯಾದಾಗ 28.7 ಎಲ್ಲಿಂದ ಬಂತು? ಇಲ್ಲೇ ನಿಮ್ಮ ಕಾಲದ ಜೋರ್ಡನ್‌ನನ್ನು ಮತ್ತೆ ನೆನಪು ಮಾಡಿಕೊಳ್ಳಬೇಕು. 1986ರ ಜೋರ್ಡನ್ ಚೆಂಡು ಹಿಡಿದು ರಿಂಗ್ ಕಡೆ ಮುಖ ಮಾಡಿ ನಿಲ್ಲುತ್ತಿದ್ದ, ಒಂದೇ ಹೆಜ್ಜೆಯಲ್ಲಿ ಎದುರಿನವನನ್ನು ದಾಟುತ್ತಿದ್ದ, ಆಮೇಲೆ ಗಾಳಿಯಲ್ಲಿ ಏನು ಮಾಡುವುದು ಅಂತ ಗಾಳಿಯಲ್ಲೇ ತೀರ್ಮಾನ. 1996ರ ಜೋರ್ಡನ್ ರಿಂಗ್‌ಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಹಿಂದಿರುವವನ ಭಾರ ತನ್ನ ಬೆನ್ನಿಗೆ ತಾಗುವ ತನಕ ಕಾಯುತ್ತಾನೆ. ತಾಗಿದ ಮೇಲೆ ಅವನು ಯಾವ ಕಡೆ ವಾಲಿದ್ದಾನೆ ಅಂತ ಬೆನ್ನಿಗೇ ಗೊತ್ತಾಗುತ್ತೆ, ನೋಡಬೇಕಾಗಿಲ್ಲ. ಒಂದು ಭುಜವನ್ನು ಮಧ್ಯದ ಕಡೆಗೆ ಸ್ವಲ್ಪ, ಬರೀ ಒಂದು ಗೇಣು, ಅಲುಗಿಸುತ್ತಾನೆ. ಎದುರಾಳಿ ಅತ್ತ ಒಂದು ಕಾಲು ಹಾಕಿದ ತಕ್ಷಣ ಇವನು ಇನ್ನೊಂದು ಭುಜದ ಮೇಲಿಂದ ತಿರುಗಿ, ಹಿಂದಕ್ಕೆ ವಾಲುತ್ತಾ ಎಗರಿ ಶಾಟ್ ಬಿಡುತ್ತಾನೆ. ಇದೇ ಫೇಡ್‌ಅವೇ. ಇದಕ್ಕೆ ಎತ್ತರ ಎಗರಬೇಕಾಗಿಲ್ಲ, ಎದುರಾಳಿಗಿಂತ ಕಣ್ಣು ಮಿಟುಕಿಸುವಷ್ಟು ಮೊದಲು ಎಗರಿದರೆ ಸಾಕು. ಏಟೂ ಬೀಳುವುದಿಲ್ಲ, ದೂರ ಹೋಗುತ್ತಿರುವವನನ್ನು ಯಾರು ಹೊಡೀತಾರೆ? ಅದಕ್ಕೇ ಫ್ರೀ ಥ್ರೋ ಕಡಿಮೆಯಾಯಿತು, ಮೊಣಕಾಲೂ ಉಳಿಯಿತು.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ವಿಷಯ ಏನು ಅಂದರೆ, ಅವನು ಇದನ್ನು ಕಾಲು ಸೋತ ಮೇಲೆ ಕಲಿಯಲಿಲ್ಲ. 1990–91ರಲ್ಲಿ, ಮೈ ಇನ್ನೂ ಗಟ್ಟಿಯಿದ್ದಾಗಲೇ, ಆಟದ ರೀತಿ ಬದಲಾಯಿಸತೊಡಗಿದ್ದ. ಅವನ ತಂಡದ ಕೋಚ್ ಫಿಲ್ ಜಾಕ್ಸನ್ ತಂದ ಟ್ರಯಾಂಗಲ್ ಅನ್ನುವ ಆಟದ ರೀತಿಯಲ್ಲಿ ಚೆಂಡು ಎಲ್ಲರ ಕೈಗೂ ಹೋಗಬೇಕಿತ್ತು. ಪಂದ್ಯಕ್ಕೆ ಸುಮಾರು 28 ಶಾಟ್ ಹೊಡೆಯುತ್ತಿದ್ದವನು ಆ ವರ್ಷ ಸುಮಾರು 22ಕ್ಕೆ ಇಳಿದ. ಸರಾಸರಿ 37ರಿಂದ 31.5 ಆಯಿತು. ಬರೀ ಪಾಯಿಂಟ್ ನೋಡುವವರು ಇಳಿದ ಅನ್ನಬಹುದು. ಆದರೆ ಹೊಡೆದ ನೂರು ಶಾಟ್‌ನಲ್ಲಿ 48 ಬೀಳುತ್ತಿದ್ದ ಕಡೆ 54 ಬೀಳತೊಡಗಿತು. ಅವನ ತಂಡ ಶಿಕಾಗೋ ಬುಲ್ಸ್ ಮೊದಲ ಸಲ ಚಾಂಪಿಯನ್ ಆಗಿದ್ದು ಅದೇ ವರ್ಷ. ದೊಡ್ಡ ಸ್ಕೋರರ್‌ನ ನಿಜವಾದ ತುತ್ತತುದಿ ಅತಿ ಜಾಸ್ತಿ ಪಾಯಿಂಟ್ ಹೊಡೆದ ವರ್ಷವಲ್ಲ, ಅದಕ್ಕಿಂತ ನಾಲ್ಕೈದು ವರ್ಷ ಆಮೇಲೆ, ಕಾಲೂ ಇದೆ, ತಿಳುವಳಿಕೆಯೂ ಬಂದಿದೆ ಅನ್ನುವ ಆ ಎರಡು ಮೂರು ಸೀಸನ್. ಇದು ನನ್ನ ಗಟ್ಟಿ ಅಭಿಪ್ರಾಯ.

ಲೆಬ್ರಾನ್ ಕಥೆಯಲ್ಲೂ ಇದೇ ಕಾಣುತ್ತೆ, ನೋಡಿ. 2003–04ರಲ್ಲಿ 18 ವರ್ಷದ ಹುಡುಗನಾಗಿ ಬಂದಾಗ ಸರಾಸರಿ 20.9. ನೂರು ಶಾಟ್‌ಗೆ 42 ಮಾತ್ರ ಬೀಳುತ್ತಿತ್ತು, ಮೂರು ಪಾಯಿಂಟ್ ಗೆರೆಯ ಆಚೆಯಿಂದ 29. ಅವನ ಅತಿ ಹೆಚ್ಚು ಸರಾಸರಿ ಬಂದಿದ್ದು 2005–06ರಲ್ಲಿ, 31.4. ಆಗ ಪಂದ್ಯಕ್ಕೆ ಹತ್ತಕ್ಕಿಂತ ಜಾಸ್ತಿ ಫ್ರೀ ಥ್ರೋ. ಅದು ನುಗ್ಗುವ ವಯಸ್ಸು. 2011ರ ಫೈನಲ್ಸ್‌ನಲ್ಲಿ ಡಲ್ಲಾಸ್ ಎದುರು ಸೋತಾಗ ಅವನ ಸರಾಸರಿ 17.8ಕ್ಕೆ ಕುಸಿದಿತ್ತು. ಡಲ್ಲಾಸ್‌ನವರು ನುಗ್ಗುವ ದಾರಿ ಮುಚ್ಚಿದರು, ಅವನ ಹತ್ತಿರ ಇನ್ನೊಂದು ದಾರಿ ಇರಲಿಲ್ಲ. ಆ ಬೇಸಿಗೆಯಲ್ಲಿ ಅವನು ಹ್ಯೂಸ್ಟನ್‌ಗೆ ಹೋಗಿ ಹಿಂದಿನ ಕಾಲದ ದೊಡ್ಡ ಆಟಗಾರ ಹಕೀಮ್ ಒಲಾಜುವಾನ್ ಹತ್ತಿರ ರಿಂಗ್‌ಗೆ ಬೆನ್ನು ಕೊಟ್ಟು ಆಡುವುದನ್ನು ಕಲಿತ. ಆಗಲೇ ಎರಡು ಸಲ ಎಂವಿಪಿ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ, ಆಗಿದ್ದವನು ಮತ್ತೊಬ್ಬರ ಮುಂದೆ ಶಿಷ್ಯನಾಗಿ ಹೋಗಿ ನಿಂತ, ಅದನ್ನು ನಾನು ನನ್ನ ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. 2012–13ರ ಹೊತ್ತಿಗೆ ಶಾಟ್ ಸಂಖ್ಯೆ ಪಂದ್ಯಕ್ಕೆ 23ರಿಂದ 18ಕ್ಕೆ ಇಳಿದಿತ್ತು, ಬೀಳುವುದು ನೂರಕ್ಕೆ 56.5ಕ್ಕೆ ಏರಿತ್ತು, ದೂರದ ಶಾಟ್ 40.6. ಸರಾಸರಿ 26.8. ಮೇಲಿನ ಜೋರ್ಡನ್ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ, ಅಚ್ಚು ಒಂದೇ.

ಆಮೇಲೆ 37ನೇ ವಯಸ್ಸಿನ ಆ 30.3. ಅದು ಹಳೆಯ 31.4ರ ತಮ್ಮನ ಹಾಗೆ ಕಾಣುತ್ತೆ, ಆದರೆ ಒಳಗೆ ಪೂರಾ ಬೇರೆ. 2005–06ರಲ್ಲಿ ನೂರು ಪಾಯಿಂಟ್‌ಗೆ 24 ಫ್ರೀ ಥ್ರೋದಿಂದ ಬಂದಿತ್ತು, 2021–22ರಲ್ಲಿ 15. ಆ ಜಾಗಕ್ಕೆ ಬಂದಿದ್ದು ಮೂರು ಪಾಯಿಂಟ್ ಶಾಟ್. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಮೂರು ಸಲವೂ ದೂರದಿಂದ ಹೊಡೆಯದವನು ಈಗ ಎಂಟು ಸಲ ಹೊಡೆಯುತ್ತಿದ್ದ. ಜೋರ್ಡನ್‌ನ ಕೊನೆಯ ಸೀಸನ್‌ನಲ್ಲಿ ನೂರಕ್ಕೆ ಎಷ್ಟು ಫ್ರೀ ಥ್ರೋದಿಂದ ಬಂತು ಅಂತ ಲೆಕ್ಕ ಹಾಕಿದರೆ 16. ಇಬ್ಬರ ಮೈಯೂ ಒಂದೇ ಮಾತು ಹೇಳಿದೆ. ಒಬ್ಬ ಫೇಡ್‌ಅವೇಗೆ ಹೋದ, ಇನ್ನೊಬ್ಬ ಗೆರೆಯ ಆಚೆ ಹೋದ, ಅಷ್ಟೇ ವ್ಯತ್ಯಾಸ.

ಈ ವ್ಯತ್ಯಾಸದಲ್ಲಿ ನಿಮ್ಮ ಮಾತೂ ಅರ್ಧ ಸರಿ. ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂದಿದ್ದೇ 1979–80ರಲ್ಲಿ. ಜೋರ್ಡನ್ ಪಂದ್ಯಕ್ಕೆ 37 ಪಾಯಿಂಟ್ ಹೊಡೆದ ವರ್ಷ ಒಂದು ಇಡೀ ತಂಡ ಸೇರಿ ಪಂದ್ಯಕ್ಕೆ ಸುಮಾರು 5 ಸಲ ಅಲ್ಲಿಂದ ಪ್ರಯತ್ನ ಮಾಡುತ್ತಿತ್ತು, 2021–22ರಲ್ಲಿ ಸುಮಾರು 35. ಆಗ ಕಾಯುವವನು ಡ್ರಿಬಲ್ ಮಾಡುವವನ ಸೊಂಟದ ಮೇಲೆ ಕೈ ಇಟ್ಟು ತಡೆಯಬಹುದಿತ್ತು, 2004–05ರಿಂದ ಅದನ್ನು ಬಿಗಿಯಾಗಿ ನಿಲ್ಲಿಸಿದರು. ಹಾಗಾಗಿ ವಯಸ್ಸಾದ ಸ್ಕೋರರ್‌ಗೆ ಈಗ ಒಂದು ಬಾಗಿಲು ಜಾಸ್ತಿ ಇದೆ. ಆದರೆ ಸುಲಭ ಅನ್ನಬೇಡಿ. ಆ ಗೆರೆ ರಿಂಗ್‌ನಿಂದ 7.24 ಮೀಟರ್. 20 ವರ್ಷದ ಅಭ್ಯಾಸದ ಶಾಟ್ ಬಿಟ್ಟು ಅಷ್ಟು ದೂರದ ಶಾಟ್ ಕಲಿಯುವುದು, ಅದೂ ಟಿವಿ ಮುಂದೆ ತಪ್ಪುತ್ತಾ ತಪ್ಪುತ್ತಾ ಕಲಿಯುವುದು, ಎಲ್ಲರಿಂದಲೂ ಆಗುವ ಕೆಲಸ ಅಲ್ಲ. 2023–24ರಲ್ಲಿ, 39 ತುಂಬಿದ ವರ್ಷ, ಲೆಬ್ರಾನ್ ಅಲ್ಲಿಂದ ನೂರಕ್ಕೆ 41 ಹಾಕಿದ. ಅವನ ಇಡೀ ಕೆರಿಯರ್‌ನಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ಲೆಕ್ಕ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಒಬ್ಬರಿದ್ದಾರೆ, ಕರೀಮ್ ಅಬ್ದುಲ್ ಜಬ್ಬಾರ್. 20 ಸೀಸನ್, 38,387 ಪಾಯಿಂಟ್, ಮೂರು ಪಾಯಿಂಟ್ ಶಾಟ್ ಒಂದೇ ಒಂದು. ಅವರು ದಾರಿಯನ್ನೇ ಬದಲಾಯಿಸಲಿಲ್ಲ. ಮೊದಲ ದಿನದಿಂದ ಕೊನೆಯ ದಿನದ ತನಕ ಸ್ಕೈಹುಕ್. ಪಕ್ಕಕ್ಕೆ ತಿರುಗಿ ನಿಲ್ಲುವುದು, ಒಂದು ಕೈಯಿಂದ ಎದುರಾಳಿಯನ್ನು ದೂರ ಇಡುವುದು, ಇನ್ನೊಂದು ಕೈ ಪೂರ್ತಿ ಮೇಲೆತ್ತಿ ಮಣಿಕಟ್ಟಿನಿಂದ ಚೆಂಡು ಬಿಡುವುದು. ಅವರು ಕಾಲೇಜಿನಲ್ಲಿದ್ದಾಗ, 1967ರಲ್ಲಿ, ಕಾಲೇಜು ಆಟದಲ್ಲಿ ಡಂಕ್, ಅಂದರೆ ಎಗರಿ ಚೆಂಡನ್ನು ಮೇಲಿನಿಂದ ರಿಂಗ್‌ನೊಳಗೆ ತುರುಕುವುದನ್ನೇ, ನಿಷೇಧ ಮಾಡಿದ್ದರು, ಅದರಿಂದ ಈ ಶಾಟ್ ಇನ್ನೂ ಪಳಗಿತು. ಇದು ಎಗರುವುದನ್ನು ನಂಬಿದ ಶಾಟ್ ಅಲ್ಲವಲ್ಲ, ಹಾಗಾಗಿ ಮುಪ್ಪು ಬರಲು ತುಂಬಾ ಕಾಲ ಬೇಕಾಯಿತು. 1971ರಲ್ಲಿ ಫೈನಲ್ಸ್ ಎಂವಿಪಿ ಆದವರು 1985ರಲ್ಲಿ, 38ನೇ ವಯಸ್ಸಲ್ಲಿ, ಮತ್ತೆ ಆದರು. ಒಂದು ಕಾಲದಲ್ಲಿ 34.8 ಇದ್ದ ಸರಾಸರಿ ಕೊನೆಯ ಸೀಸನ್‌ನಲ್ಲಿ, 42ನೇ ವಯಸ್ಸಿನ ಹೊತ್ತಿಗೆ, 10.1 ಆಗಿತ್ತು.

ಕೋಬಿ ಬ್ರಯಂಟ್ ವಿಷಯ ಬರೆಯುವಾಗ ಮನಸ್ಸು ಭಾರವಾಗುತ್ತೆ. ಮೊದಲ ಸೀಸನ್‌ನಲ್ಲಿ 7.6 ಪಾಯಿಂಟ್. 2005–06ರಲ್ಲಿ 35.4, ಅದೇ ಸೀಸನ್‌ನಲ್ಲಿ ಟೊರಾಂಟೊ ಮೇಲೆ 81. ಅವನೂ ಫೇಡ್‌ಅವೇ ಕಲಿತಿದ್ದ, ಹೆಜ್ಜೆಗಾರಿಕೆ ಜೋರ್ಡನ್‌ಗೆ ಏನೂ ಕಡಿಮೆ ಇರಲಿಲ್ಲ. 34ನೇ ವಯಸ್ಸಲ್ಲೂ 27.3 ಇತ್ತು. 2013ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್ ಟೆಂಡನ್) ಹರಿಯಿತು. ಹರಿದ ಕಾಲಿನಲ್ಲೇ ನಡೆದು ಬಂದು ಎರಡು ಫ್ರೀ ಥ್ರೋ ಹೊಡೆದ, ಎರಡೂ ಬಿದ್ದವು, ಆಮೇಲೆ ಹೊರಗೆ ಹೋದ. ಆ ಎರಡು ಶಾಟ್ ನೋಡಿದರೆ ಕೈಗೂ ಕಾಲಿಗೂ ಇರುವ ವ್ಯತ್ಯಾಸ ಯಾರೂ ವಿವರಿಸಬೇಕಾಗಿಲ್ಲ. ಅದಾದ ಮೇಲೆ ಅವನು ಹಳೆಯ ಕೋಬಿ ಆಗಲಿಲ್ಲ. ಕೊನೆಯ ಸೀಸನ್‌ನಲ್ಲಿ ನೂರು ಶಾಟ್‌ಗೆ 36 ಕೂಡ ಬೀಳಲಿಲ್ಲ. ಕೊನೆಯ ಪಂದ್ಯದಲ್ಲಿ 60 ಹೊಡೆದ, ಅದಕ್ಕೆ 50 ಶಾಟ್ ಬೇಕಾಯಿತು. ಹತ್ತು ವರ್ಷ ಹಿಂದೆ 81ಕ್ಕೆ 46 ಸಾಕಾಗಿತ್ತು. ಶಾಟ್ ಕಡಿಮೆ ಮಾಡುವುದು ಅವನಿಂದ ಆಗಲಿಲ್ಲ ಅಂತ ನನಗನಿಸುತ್ತೆ. ಅದು ತಪ್ಪು ಅಂತ ಹೇಳುತ್ತಿಲ್ಲ. ಆ ಹಟ ಇಲ್ಲದಿದ್ದರೆ 81 ಕೂಡ ಇರುತ್ತಿರಲಿಲ್ಲ.

ವಿನ್ಸ್ ಕಾರ್ಟರ್ ಇನ್ನೊಂದು ದಾರಿ ಹಿಡಿದ. ಡಂಕ್ ಅಂದರೆ ಕಾರ್ಟರ್ ಅನ್ನುವ ಕಾಲ ಇತ್ತು, 2000–01ರಲ್ಲಿ 27.6. 22 ಸೀಸನ್ ಆಡಿ 43ನೇ ವಯಸ್ಸಲ್ಲಿ ಬಿಟ್ಟಾಗ 5 ಪಾಯಿಂಟ್. ಮಧ್ಯದಲ್ಲೆಲ್ಲೋ ನಾನು ಇನ್ನು ತಂಡದ ಮುಖ್ಯ ಆಟಗಾರ ಅಲ್ಲ ಅಂತ ಒಪ್ಪಿಕೊಂಡು, ಬೆಂಚಿನಿಂದ ಬಂದು, ಗೆರೆಯ ಆಚೆ ನಿಂತು ಚೆಂಡಿಗೆ ಕಾಯುವವನಾದ. ಹಾಗಾಗಿಯೇ ಅಷ್ಟು ವರ್ಷ ನಡೆಯಿತು.

ಈಗ ನಿಮ್ಮ ಮಗನ ವಿಷಯ. ನೀವು ಬರೆದ ಕೊನೆಯ ಮಾತೇ ನನಗೆ ಮುಖ್ಯ. 15 ವರ್ಷದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು ಲೇಅಪ್ ಹಾಕಿಯೇ ಪಂದ್ಯ ಗೆಲ್ಲಿಸುತ್ತಾನೆ, ಅದು ಸರಿ, ತಡೆಯಬೇಡಿ. ಆದರೆ 17ಕ್ಕೆ ಉಳಿದ ಹುಡುಗರೂ ಬೆಳೀತಾರೆ. ಶಾಲೆಯಲ್ಲಿ 25–30 ಹೊಡೆಯುತ್ತಿದ್ದ ಎಷ್ಟೋ ಮಕ್ಕಳು ಕಾಲೇಜಿಗೆ ಬಂದು ಎರಡೇ ವರ್ಷದಲ್ಲಿ ಆಟವನ್ನೇ ಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕಾಲು ಕಡಿಮೆಯಾಗಿರಲಿಲ್ಲ, ಎದುರಿನವರ ಕಾಲು ಜಾಸ್ತಿಯಾಗಿತ್ತು. ಎರಡೂ ಒಂದೇ ಅಲ್ವಾ? ಲೆಬ್ರಾನ್‌ಗೆ 26ಕ್ಕೆ ಬಂದ ಸಮಸ್ಯೆ ನಮ್ಮ ಮಕ್ಕಳಿಗೆ 17ಕ್ಕೇ ಬರುತ್ತೆ.

ಇನ್ನೊಂದು, ನಮ್ಮೂರಿನ ಕೋರ್ಟುಗಳು. ಕಂಠೀರವ ಕ್ರೀಡಾಂಗಣದ ಒಳಗಿನ ಮರದ ನೆಲ ಎಲ್ಲರಿಗೂ ದಿನಾ ಸಿಗುವುದಿಲ್ಲ. ನಮ್ಮ ಬಹುಪಾಲು ಮಕ್ಕಳು ಆಡುವುದು ಸಿಮೆಂಟ್ ಮೇಲೆ. ಪ್ರತಿ ಸಲ ಎಗರಿ ಇಳಿದಾಗ ಮೊಣಕಾಲು ಅದರ ಲೆಕ್ಕ ಇಟ್ಟುಕೊಳ್ಳುತ್ತೆ. ನನ್ನ ಮೊಣಕಾಲು 33ಕ್ಕೆ ಸಾಕು ಅಂದಿತು. ನಮ್ಮ ಕೋರ್ಟಿಗೆ ಭಾನುವಾರ ಬೆಳಿಗ್ಗೆ 55 ದಾಟಿದ ಒಬ್ಬರು ಬರುತ್ತಾರೆ. ಅವರು ಓಡುವುದೇ ಇಲ್ಲ ಅನ್ನಬಹುದು. ರಿಂಗ್‌ಗೆ ಓರೆಯಾಗಿ, ಎಡಗಡೆ, ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆ ಜಾಗದಲ್ಲಿ ಸಿಮೆಂಟಿಗೆ ಒಂದು ಬಿರುಕಿದೆ, ಎಡಗಾಲು ಆ ಬಿರುಕಿನ ಮೇಲೆಯೇ ಇರಬೇಕು. ಚೆಂಡು ಕೈಗೆ ಬರುವ ಮೊದಲೇ ಮೊಣಕಾಲು ಬಗ್ಗಿರುತ್ತೆ. ಬಂದ ತಕ್ಷಣ ಬೋರ್ಡಿನ ಚೌಕದ ಮೇಲಿನ ಮೂಲೆಗೆ ಹೊಡೆಯುತ್ತಾರೆ, ಚೆಂಡು ಮೆತ್ತಗೆ ಒಳಗೆ ಬೀಳುತ್ತೆ. 20 ವರ್ಷದ ಹುಡುಗರಿಗೆ ಗೊತ್ತು, ಅವರು ಅಲ್ಲೇ ಹೊಡೀತಾರೆ ಅಂತ. ಗೊತ್ತಿದ್ದೂ ತಡೆಯಲು ಆಗುವುದಿಲ್ಲ, ಯಾಕೆ ಅಂದರೆ ಇವರು ತಡಮಾಡುವುದೇ ಇಲ್ಲ. ನಿಮ್ಮ ಮಗನನ್ನು ಒಂದು ಭಾನುವಾರ ಅಂಥ ಯಾರನ್ನಾದರೂ ನೋಡಲು ಕರೆದುಕೊಂಡು ಹೋಗಿ. ಮಲ್ಲೇಶ್ವರದಲ್ಲೇ ಸಿಗುತ್ತಾರೆ, ಹಳೆಯ ಆಟಗಾರರಿಗೆ ಅಲ್ಲಿ ಕೊರತೆಯಿಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಮುಂದಿನ ಪಂದ್ಯಕ್ಕೆ ಹೋಗುವಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಎಷ್ಟು ಪಾಯಿಂಟ್ ಅಂತ ಬರೆಯಬೇಡಿ, ಎಲ್ಲಿಂದ ಅಂತ ಬರೆಯಿರಿ. ಲೇಅಪ್, ಫ್ರೀ ಥ್ರೋ, ಹತ್ತಿರದ ಶಾಟ್, ದೂರದ ಶಾಟ್. ಐದು ಪಂದ್ಯ ಬರೆದರೆ ಸಾಕು. ಹತ್ತರಲ್ಲಿ ಒಂಬತ್ತು ಲೇಅಪ್ ಆಗಿದ್ದರೆ ದಿನಾ ಅಭ್ಯಾಸದ ಕೊನೆಯಲ್ಲಿ, ಸುಸ್ತಾಗಿರುವಾಗಲೇ, 50 ಫ್ರೀ ಥ್ರೋ ಹೊಡೆಸಿ. ಕಾರ್ಲ್ ಮಲೋನ್ ಎನ್‌ಬಿಎಗೆ ಬಂದ ವರ್ಷ ಫ್ರೀ ಥ್ರೋ ನೂರಕ್ಕೆ 48 ಬೀಳುತ್ತಿತ್ತು. ಅದನ್ನು 70ರ ಮೇಲೆ ತಂದುಕೊಂಡು ಕೊನೆಗೆ 36,928 ಪಾಯಿಂಟ್ ಮಾಡಿದ. ಹುಟ್ಟಿನಿಂದ ಬಂದ ಕೈ ಅಲ್ಲ ಅದು. ಫ್ರೀ ಥ್ರೋ ಕೂತ ಮೇಲೆ ಅದೇ ಕೈಯಲ್ಲಿ ಬೋರ್ಡ್ ಶಾಟ್, ಆಮೇಲೆ ಎರಡು ಹೆಜ್ಜೆ ಹಿಂದೆ. ಮೂರು ಪಾಯಿಂಟ್‌ಗೆ ಈಗಲೇ ಆತುರ ಬೇಡ, ಚೆಂಡು ಎಸೆಯಲು ಭುಜ ತಿರುಚುವ ಅಭ್ಯಾಸ ಆಗಿಬಿಟ್ಟರೆ ಬಿಡಿಸುವುದು ಕಷ್ಟ.

ಮಗನಿಗೆ ಲೆಬ್ರಾನ್ ಅಂದರೆ ಅಷ್ಟು ಇಷ್ಟ ಅಂದಿರಲ್ಲ, ಒಂದು ಪಂದ್ಯವನ್ನು ಅಪ್ಪ ಮಗ ಇಬ್ಬರೂ ಕೂತು ನೋಡಿ. 2025ರ ಡಿಸೆಂಬರ್, ಟೊರಾಂಟೊ ಎದುರು. 2007ರ ಜನವರಿಯಿಂದ ಅವನು ಆಡಿದ 1,297 ಲೀಗ್ ಪಂದ್ಯದಲ್ಲೂ ಹತ್ತು ಪಾಯಿಂಟ್‌ಗೆ ಕಡಿಮೆ ಹೊಡೆದಿರಲಿಲ್ಲ. ಆ ದಿನ ಕೊನೆಯ ಕ್ಷಣದಲ್ಲಿ ಅವನ ಹತ್ತಿರ 8 ಇತ್ತು. ಸ್ಕೋರ್ 120–120. ಚೆಂಡು ಅವನ ಕೈಯಲ್ಲಿ. ಒಂದು ಬಾಸ್ಕೆಟ್ ಹಾಕಿದರೆ ದಾಖಲೆಯೂ ಉಳಿಯುತ್ತೆ, ಪಂದ್ಯವೂ ಗೆಲ್ಲುತ್ತೆ. ಇಬ್ಬರು ಅವನ ಕಡೆ ವಾಲಿದರು. ಅವನು ಮೂಲೆಯಲ್ಲಿ ಖಾಲಿ ನಿಂತಿದ್ದ ತನ್ನ ತಂಡದ ರುಯಿ ಹಚಿಮುರಾಗೆ ಚೆಂಡು ಕೊಟ್ಟ. ಹಚಿಮುರಾ ಹೊಡೆದ ಮೂರು ಪಾಯಿಂಟ್ ಬಿತ್ತು, 123–120. ಆ ಪಾಸ್ ಕೊಡುವಾಗ ಅವನ ಮುಖ ನೋಡಿ ಅಂತ ಮಗನಿಗೆ ಹೇಳಿ. 2011ರ ಫೈನಲ್ಸ್‌ನ ಯಾವುದಾದರೂ ಒಂದು ಪಂದ್ಯವನ್ನೂ ಅದರ ಜೊತೆ ಹಾಕಿ. ಜೋರ್ಡನ್ ಬಗ್ಗೆ ನಿಮ್ಮ ವಾದ ಅದಾದ ಮೇಲೆ ಮುಂದುವರಿಸಬಹುದು.